ಹುಚ್ಚಿರುವೆ, ಹುಲ್ಲೆಣ್ಣೆ

೩ ನವೆಂಬರ್ ೧೯೫೮, ಕಡಬ

ಈ ಮೂಲಕ ನನಗೆ ನಾನೇ ತಿಳಿಯಪಡಿಸುವುದೇನೆಂದರೆ, ಸುಳ್ಯದ ಕೃಷ್ಣಮೋಹನನೆಂಬ, ವಯಸ್ಸು ಹತ್ತೊಂಬತ್ತರ, ಇಂಟರ್‌ಮೀಡಿಯೇಟಿನಲ್ಲಿ ಫೇಲಾದ ಮಹನೀಯನು ಇಂದಿನಿಂದ ಕಡಬದಲ್ಲಿ ಗಡೀಪಾರು ವಾಸ ಆರಂಭಿಸಿದ್ದಾನೆ. ಸ್ಥಳ: ಸೋದರಮಾವ ಬೆಳ್ಯಪ್ಪನವರ ಹೋಟೆಲು. ಅವಧಿ: ಅಪ್ಪನ ಸಿಟ್ಟು ಇಳಿಯುವವರೆಗೆ.

ಅಪರಾಧದ ವಿವರ. ಸುಳ್ಯದಲ್ಲಿ ಬಸ್ಸು ನಿಲ್ಲುವ ಕಟ್ಟೆಯ ಮೇಲೆ ನಾನು ಒಂದು ನೋಟೀಸು ಅಂಟಿಸಿದೆ: “ಘನ ಸರಕಾರದ ಅಪ್ಪಣೆಯಂತೆ ಊರಿನ ಸಮಸ್ತ ಕೊಡೆಗಳನ್ನು ನೋಂದಾಯಿಸತಕ್ಕದ್ದು. ಕಡ್ಡಿ ಮುರಿದ ಕೊಡೆಗಳಿಗೆ ವಿನಾಯಿತಿ ಇಲ್ಲ.” ಅಷ್ಟೇ. ಮರುದಿನ ಬೆಳಗ್ಗೆ ಅರ್ಧ ಸುಳ್ಯ ಶಾನುಭೋಗರ ಮನೆಯ ಮುಂದೆ ಕೊಡೆ ಹಿಡಿದು ಸಾಲು ನಿಂತಿತು. ನಮ್ಮ ಅಜ್ಜಿಯೂ ನಿಂತಿದ್ದರು. ಶಾನುಭೋಗರು ನಾಲ್ಕಾರು ಕೊಡೆಗಳನ್ನು ಬರೆದುಕೊಂಡ ಮೇಲಷ್ಟೇ ಸಂಶಯಪಟ್ಟರು ಎನ್ನುವುದು ಈವರೆಗೆ ನನಗೆ ಸಂದ ಅತಿ ದೊಡ್ಡ ಗೌರವ.

ಮಾವ ಬಾಗಿಲಲ್ಲೇ ಎಚ್ಚರಿಸಿದರು. ಇಲ್ಲಿ ಲೋಟ ತೊಳೆಯುವುದು, ಗಿರಾಕಿಗಳಿಗೆ ಚಾ ಕೊಡುವುದು, ಬಾಯಿ ಮುಚ್ಚಿಕೊಂಡಿರುವುದು. ಮೂರರಲ್ಲಿ ಎರಡು ನನ್ನಿಂದ ಸಾಧ್ಯ.

೬ ನವೆಂಬರ್

ವೆಂಕಪ್ಪ ಮಾಸ್ಟ್ರ ಕಾಫಿಯಲ್ಲಿ ಇರುವೆ. ಮಾಸ್ಟ್ರು ಶಾಲೆ ಬಿಟ್ಟ ಕೂಡಲೇ ಇಲ್ಲಿಗೆ ಬಂದು, ಕೊಡೆಯನ್ನು ಕಿಟಕಿಯ ಸರಳಿಗೆ ತೂಗುಹಾಕಿ, ಕತ್ತಲಾಗುವವರೆಗೆ ಒಂದೇ ಬೆಂಚಿನಲ್ಲಿ ಕೂರುವವರು. ಲೋಟವನ್ನು ಬೆಳಕಿಗೆ ಹಿಡಿದು ಈಜುತ್ತಿದ್ದ ಇರುವೆಗಳನ್ನು ನೋಡಿದರು, ಆಮೇಲೆ ನನ್ನನ್ನು ನೋಡಿದರು. ಮಾವನೂ ನೋಡಿದರು. ನಾನು ಹಾಕಲಿಲ್ಲವೆಂದು ಎಷ್ಟು ಹೇಳಿದರೂ ಆ ಬೆಂಚಿನ ಮೇಲೆ ನಂಬುವವರು ಒಬ್ಬರೂ ಇರಲಿಲ್ಲ.

ಆದ್ದರಿಂದ ನನ್ನ ಮೇಲೆ ಸುಳ್ಳು ಆರೋಪ ತಂದ ಪ್ರಾಣಿಯನ್ನು ಕೂಲಂಕಷವಾಗಿ ಪರಿಶೀಲಿಸಿದೆ. ಸಾಧಾರಣ ಇರುವೆ ಸಾಲಾಗಿ ಹೋಗುತ್ತದೆ, ಮುಂದಿನವನ ಬೆನ್ನು ನೋಡಿ ಹಿಂದಿನವನು. ಇವಕ್ಕೆ ಆ ಶಿಸ್ತಿಲ್ಲ. ಹಳದಿ ಮೈ, ಉದ್ದ ಕಾಲು, ಅದಕ್ಕೂ ಉದ್ದದ ಮೀಸೆ. ಬಸ್ಸು ತಪ್ಪಿದವರ ಹಾಗೆ ಅತ್ತ ಓಡಿ, ಕೊಡೆ ಮರೆತವರ ಹಾಗೆ ಇತ್ತ ಓಡುತ್ತವೆ. ಕಚ್ಚುವುದಿಲ್ಲ. ಆದರೆ ಇವನ್ನು ಹಿಸುಕಿದ ಬೆರಳನ್ನು ಕಣ್ಣಿಗೆ ಒರೆಸಿಕೊಂಡರೆ ಸ್ವಲ್ಪ ಹೊತ್ತು ಲೋಕ ಕಾಣುವುದಿಲ್ಲ. ಇದು ಸ್ವಾನುಭವ.

ಎರಡು ವರ್ಷದ ಹಿಂದೆ ಇವು ಇಲ್ಲಿ ಇರಲೇ ಇಲ್ಲವಂತೆ. ಮರದ ಲಾರಿಯಲ್ಲಿ ಬಂದವೆಂದು ಕೆಲವರು, ಬಾಳೆಗೊನೆಯಲ್ಲಿ ಎಂದು ಕೆಲವರು. ನನ್ನ ಹಾಗೆ ಎಲ್ಲಿಂದಲೋ ಗಡೀಪಾರಾಗಿ ಬಂದವು ಎಂಬುದು ನನ್ನ ಸಿದ್ಧಾಂತ. ಹುಚ್ಚಿರುವೆ ಎಂದು ನಾಮಕರಣ ಮಾಡಿದ್ದೇನೆ.

೧೪ ನವೆಂಬರ್

ಒಂದು ವಾರ ಬರೆಯಲಿಲ್ಲ. ಲೋಟ ತೊಳೆದೆ.

ಹೋಟೆಲಿನ ಹಿತ್ತಿಲಲ್ಲಿ ಮಾವನ ಹೆಂಡತಿ ದುಗ್ಗಮ್ಮ ಅತ್ತೆಯ ಮೂರು ಜೇನುಪೆಟ್ಟಿಗೆಗಳುಂಟು. ನಾನು ಬರುವ ಮೊದಲೇ ಒಂದು ಖಾಲಿಯಾಗಿತ್ತು. ಈ ಬೆಳಗ್ಗೆ ಇನ್ನೊಂದು. ಇರುವೆಗಳು ಮೇಣದ ಎರಿಗೆ ನುಗ್ಗಿ ಮರಿಹುಳಗಳನ್ನು ಎತ್ತಿಕೊಂಡು ಹೋಗುತ್ತಿದ್ದವು. ಜೇನುಹುಳಗಳು ಎಲ್ಲ ಬಿಟ್ಟು, ಯಾರಿಗೂ ಹೇಳದೆ, ಹಾರಿಹೋಗಿದ್ದವು.

ಪೆಟ್ಟಿಗೆಯ ಸ್ಟ್ಯಾಂಡಿನ ಒಂದೊಂದು ಕಾಲನ್ನೂ ನೀರು ತುಂಬಿದ ತೆಂಗಿನ ಗೆರಟೆಯಲ್ಲಿ ಇಟ್ಟಿರುತ್ತಾರೆ ಅತ್ತೆ. ಇರುವೆ ಈಜುವುದಿಲ್ಲ ಎಂದು ನಂಬಿಕೆ. ಹುಚ್ಚಿರುವೆಗೆ ಈಜುವ ಅಗತ್ಯವೂ ಇಲ್ಲ. ಒಂದು ತರಗೆಲೆ ಗೆರಟೆಗೆ ಬಿದ್ದರೆ ಸಾಕು, ದಾಟಲು ಅದೇ ಸಂಕ.

ಅತ್ತೆ ಜಾಸ್ತಿ ಮಾತಾಡುವವರಲ್ಲ. ಇವತ್ತು ಉಳಿದ ಒಂದೇ ಪೆಟ್ಟಿಗೆಯ ಹತ್ತಿರ ಕೂತು ತಾವಾಗಿಯೇ ಹೇಳಿದರು. ಅವರ ಅಪ್ಪ ಗುತ್ತಿಗಾರಿನ ಕಾಡಿನಲ್ಲಿ ಮರದ ಪೊಟರೆಯಿಂದ ಹಿಡಿದು ತಂದ ಹುಳದ ಸಂತತಿ ಇದು. ಮದುವೆಯಾಗಿ ಬರುವಾಗ ಒಂದು ಪೆಟ್ಟಿಗೆಯನ್ನು ಸೀರೆಯ ಸೆರಗಿನಲ್ಲಿ ಮುಚ್ಚಿ ಗಾಡಿಯಲ್ಲಿ ಮಡಿಲ ಮೇಲೆ ಇಟ್ಟುಕೊಂಡು ಬಂದಿದ್ದರಂತೆ. ಈಗ ಅಪ್ಪ ಇಲ್ಲ, ತವರಿನ ಮನೆಯಲ್ಲಿ ಬೇರೆ ಯಾರೋ ಇದ್ದಾರೆ.

“ಇದೊಂದು ಹೋದರೆ ನಮ್ಮ ಮನೆಯ ಹುಳ ಮುಗಿಯಿತು” ಎಂದರು.

ಏನಾದರೂ ತಮಾಷೆ ಹೇಳಿ ನಗಿಸೋಣ ಎಂದುಕೊಂಡೆ. ಹೊಳೆಯಲಿಲ್ಲ.

೧೫ ನವೆಂಬರ್

ಮಾವ ಡಿ.ಡಿ.ಟಿ. ಪುಡಿಯ ಡಬ್ಬಿ ತಂದಿದ್ದಾರೆ. ಇರುವೆಯ ಕಾಟಕ್ಕೆ ಸಕ್ಕರೆ, ಬೆಲ್ಲ, ಹಾಲು ಯಾವುದನ್ನೂ ಇಡುವಂತಿಲ್ಲ, ಗಿರಾಕಿಗಳು ಎದುರಿನ ಹೋಟೆಲಿಗೆ ಹೋಗುತ್ತಿದ್ದಾರೆ. ಅತ್ತೆ ಹಿತ್ತಿಲ ಬಾಗಿಲಲ್ಲಿ ನಿಂತರು. ಆ ಪುಡಿ ಹಾಕಿದರೆ ಇರುವೆಗಿಂತ ಮೊದಲು ಸಾಯುವುದು ಜೇನು. ಇಬ್ಬರೂ ಒಂದು ಮಾತೂ ಜೋರಾಗಿ ಆಡಲಿಲ್ಲ. ಕಡೆಗೆ ಮಾವ ಡಬ್ಬಿಯನ್ನು ಅಟ್ಟದ ಮೇಲೆ ಇಟ್ಟು, “ಮಕರ ಸಂಕ್ರಾಂತಿವರೆಗೆ ನೋಡುವ. ಅಷ್ಟರಲ್ಲಿ ಇರುವೆ ಹೋಗದಿದ್ದರೆ ಹಿತ್ತಿಲಿಡೀ ಹಾಕುದೇ” ಎಂದರು.

೨೭ ನವೆಂಬರ್

ಚಮತ್ಕಾರ. ಅದ್ರಾಮ ಬ್ಯಾರಿಗಳು ನೆಲ್ಯಾಡಿಯಿಂದ ಹುಲ್ಲೆಣ್ಣೆಯ ಡಬ್ಬಗಳನ್ನು ಗಾಡಿಯಲ್ಲಿ ಹೇರಿಕೊಂಡು ಚಾ ಕುಡಿಯಲು ನಿಲ್ಲುತ್ತಾರೆ. ಅಲ್ಲಿಯ ಗುಡ್ಡಗಳಲ್ಲಿ ಕೇರಳದಿಂದ ಬಂದು ನೆಲೆಸಿದವರು ಮಜ್ಜಿಗೆಹುಲ್ಲನ್ನು ಬೇಯಿಸಿ, ಹಬೆ ಹಿಡಿದು, ಎಣ್ಣೆ ತೆಗೆಯುತ್ತಾರೆ. ಅದು ಮಂಗಳೂರಿಗೆ ಹೋಗಿ, ಅಲ್ಲಿಂದ ಹಡಗು ಹತ್ತಿ, ದೊರೆಸಾನಿಯರ ಸಾಬೂನಿಗೆ ಸೇರುತ್ತದಂತೆ. ಬ್ಯಾರಿಗಳು ಮಾದರಿಯ ಶೀಷೆಯನ್ನು ತೆರೆದು ಮಾಸ್ಟ್ರಿಗೆ ಮೂಸಿಸುವಾಗ ಒಂದು ಹನಿ ಮೇಜಿನ ಮೇಲೆ ಬಿತ್ತು.

ಬೆಲ್ಲದ ಚೂರಿನ ಕಡೆ ಓಡುತ್ತಿದ್ದ ಹುಚ್ಚಿರುವೆಗಳು ಆ ಹನಿಯ ಹತ್ತಿರ ಬಂದು, ಮೀಸೆ ಎತ್ತಿ, ನಿಂತವು. ನಿಂತವು! ಈ ಪ್ರಾಣಿ ನಿಂತದ್ದನ್ನು ಕಡಬದಲ್ಲಿ ಈವರೆಗೆ ಯಾರೂ ಕಂಡಿರಲಿಲ್ಲ. ಆಮೇಲೆ ತಿರುಗಿ ಬಂದ ದಾರಿ ಹಿಡಿದವು.

ಬ್ಯಾರಿಗಳ ಕಾಲಿಗೆ ಬಿದ್ದು ಒಂದು ಸಣ್ಣ ಶೀಷೆ ಸಂಪಾದಿಸಿದೆ. ಯಾರ ತಲೆಗೆ ಹಾಕಲಿಕ್ಕೆ ಎಂದು ಕೇಳಿದರು. ನನ್ನ ಕೀರ್ತಿ ಗಾಡಿಯಲ್ಲಿ ನೆಲ್ಯಾಡಿವರೆಗೂ ಹೋಗಿದೆ.

೨ ಡಿಸೆಂಬರ್

ಕಡಬ ಪಿಪೀಲಿಕಾ ಸಂಶೋಧನಾ ಮಂದಿರವು ಪಾತ್ರೆ ತೊಳೆಯುವ ಕಲ್ಲಿನ ಪಕ್ಕದಲ್ಲಿ ಮೊನ್ನೆ ಶಾಸ್ತ್ರೋಕ್ತವಾಗಿ ಉದ್ಘಾಟನೆಗೊಂಡಿತು. ಅಧ್ಯಕ್ಷತೆ, ಸ್ವಾಗತ, ವಂದನಾರ್ಪಣೆ ಎಲ್ಲವೂ ನಾನೇ.

ವಿಧಾನ: ತಟ್ಟೆಯ ನಡುವೆ ಬೆಲ್ಲ, ಸುತ್ತ ಎಣ್ಣೆಯ ಒಂದು ವೃತ್ತ. ಕರ್ಪೂರಕ್ಕೆ ಇರುವೆಗಳು ಕೇರ್ ಮಾಡಲಿಲ್ಲ. ನೀಲಗಿರಿ ಎಣ್ಣೆಗೆ ಸ್ವಲ್ಪ ಹೊತ್ತು ಮರ್ಯಾದೆ ಕೊಟ್ಟವು. ಅತ್ತೆಯ ಹಲ್ಲುನೋವಿನ ಲವಂಗದೆಣ್ಣೆ ಒಳ್ಳೆಯದೇ, ಆದರೆ ಅದು ಮುಗಿದರೆ ಅತ್ತೆಗೆ ಹಲ್ಲು ನೋಯುತ್ತದೆ. ಹುಲ್ಲೆಣ್ಣೆಯನ್ನು ಒಂದೂ ದಾಟಲಿಲ್ಲ. ವೃತ್ತ ಎಳೆಯುವಾಗ ಒಳಗೇ ಉಳಿದ ಒಂದು ಇರುವೆ ಹೊರಗೆ ಬರಲಾರದೆ, ಪಕ್ಕದಲ್ಲಿ ಬೆಲ್ಲವಿದ್ದರೂ ತಿನ್ನದೆ, ಸುತ್ತು ಹಾಕುತ್ತಲೇ ಇತ್ತು. ನನಗೆ ಯಾಕೋ ಇಂಟರ್‌ಮೀಡಿಯೇಟ್ ಪರೀಕ್ಷೆಯ ಕೋಣೆ ನೆನಪಾಯಿತು. ಕಡ್ಡಿಯಲ್ಲಿ ಎತ್ತಿ ಹೊರಗೆ ಬಿಟ್ಟೆ.

ಒಂದು ದೋಷ. ಮರುದಿನಕ್ಕೆ ವಾಸನೆ ಆರಿಹೋಗುತ್ತದೆ, ಇರುವೆ ವಾಪಸು.

೯ ಡಿಸೆಂಬರ್

ಅತ್ತೆಯ ಅಪ್ಪಣೆ ಪಡೆದು ಪೆಟ್ಟಿಗೆಯ ಸ್ಟ್ಯಾಂಡಿನ ಕಾಲುಗಳಿಗೆ ಹುಲ್ಲೆಣ್ಣೆ ಹಚ್ಚಿದೆ. ಇರುವೆಗಳು ಬುಡದಿಂದಲೇ ತಿರುಗಿದವು. ಅತ್ತೆ ಎರಡು ಸಲ ಬಗ್ಗಿ ನೋಡಿದರು, ಆಮೇಲೆ ನಾನು ಕೇಳದೆಯೇ ಎರಡು ಬನ್ಸ್ ತಂದುಕೊಟ್ಟರು.

ಆದರೆ ಒಂದು ವಿಚಿತ್ರ. ಮಧ್ಯಾಹ್ನ ನೋಡಿದರೆ ಜೇನುಹುಳಗಳು ಬಾಗಿಲು ಬಿಟ್ಟು ಕೆಳಗೆ ಬಂದು, ಎಣ್ಣೆ ಹಚ್ಚಿದ ಕಾಲಿನ ಮೇಲೆ ಗುಂಪಾಗಿ ಕೂತಿದ್ದವು. ಹಿಂಭಾಗ ಎತ್ತಿ, ರೆಕ್ಕೆ ಬೀಸುತ್ತ. ಸಿಟ್ಟಿನಿಂದಲ್ಲ. ಮನೆಗೆ ನೆಂಟರು ಬಂದಾಗ ಜಗಲಿಯಲ್ಲಿ ನಿಲ್ಲುತ್ತೇವಲ್ಲ, ಹಾಗೆ. ಅತ್ತೆಗೆ ಗಾಬರಿಯಾಯಿತು. ಹುಳ ದಾರಿ ತಪ್ಪುತ್ತದೆ ಎಂದು ಬೂದಿನೀರಿನಿಂದ ಕಾಲು ತೊಳೆದು, ಪುನಃ ಗೆರಟೆ ಇಟ್ಟರು. ಯಾಕೆ ಹೀಗೆ ಎಂದು ಅವರಿಗೂ ಗೊತ್ತಿಲ್ಲ.

ಇರುವೆಯನ್ನು ಓಡಿಸುವ ವಾಸನೆ ಜೇನನ್ನು ಕರೆಯುತ್ತದೆಯೇ? ಮಂದಿರವು ಈ ಪ್ರಶ್ನೆಯನ್ನು ಕೈಗೆತ್ತಿಕೊಂಡಿದೆ. ಪ್ರಯೋಗಕ್ಕೆ ಪೆಟ್ಟಿಗೆಯಿಂದ ದೂರದ ಒಂದು ವಸ್ತು ಬೇಕು. ಕಿಟಕಿಯ ಸರಳಿನಲ್ಲಿ ದಿನಾ ತೂಗುವಂಥ ವಸ್ತುವಾದರೆ ಉತ್ತಮ.

೧೨ ಡಿಸೆಂಬರ್

ಪ್ರಯೋಗ ಯಶಸ್ವಿ. ಸಂಶೋಧಕನಿಗೆ ಕಪಾಳಮೋಕ್ಷ.

ವೆಂಕಪ್ಪ ಮಾಸ್ಟ್ರ ಕೊಡೆಯ ಬೆತ್ತದ ಹಿಡಿಗೆ ಎರಡೇ ಹನಿ ಹಚ್ಚಿದ್ದೆ. ಮಾಸ್ಟ್ರು ಗೋಳಿಬಜೆ ಮುಗಿಸುವಷ್ಟರಲ್ಲಿ ಹಿಡಿಯೇ ಕಾಣದಷ್ಟು ಜೇನುಹುಳ. ಮಾಸ್ಟ್ರು ಅತ್ತ ನೋಡದೆ ಕೈ ಚಾಚಿದರು. ಆಮೇಲೆ ಅವರು ಓಡಿದ ರೀತಿಯನ್ನು ಬಣ್ಣಿಸುವುದು ಗುರುದ್ರೋಹವಾಗುತ್ತದೆ. ಪೋಸ್ಟಾಫೀಸಿನ ಒಳಗಿನಿಂದ ಬಾಗಿಲು ಹಾಕಿಕೊಂಡರು ಎಂದಷ್ಟೇ ದಾಖಲಿಸುತ್ತೇನೆ.

ಮಾವ ಹೊಡೆದ ಮೇಲೆ ನಾನು ವಿಷಯ ವಿವರಿಸಿದೆ. ಈ ಎಣ್ಣೆ ಜೇನನ್ನು ಕರೆಯುತ್ತದೆ, ಒಂದು ಹುಳವೂ ಮಾಸ್ಟ್ರಿಗೆ ಕಚ್ಚಿಲ್ಲ, ಬೇಕಾದರೆ ಅವರನ್ನೇ ಕೇಳಿ. ಮಾವ, “ಕೊಡೆ ನೋಂದಣಿಯೂ ನಿಜವೇ ಇತ್ತಲ್ಲ, ಅಲ್ವಾ?” ಎಂದರು. ಹುಲ್ಲೆಣ್ಣೆಯನ್ನು ಕೂಡಲೇ ಎಸೆಯತಕ್ಕದ್ದು ಎಂದು ಅತ್ತೆಗೆ ಹುಕುಂ ಆಯಿತು. ಶೀಷೆ ಅತ್ತೆಯ ಕೈಯಲ್ಲಿ ಒಳಗೆ ಹೋಯಿತು.

ನಾನು ಹೇಳಿದ ಸುಳ್ಳನ್ನು ಅರ್ಧ ಸುಳ್ಯ ನಂಬಿತು. ಹೇಳಿದ ನಿಜವನ್ನು ಕಡಬದಲ್ಲಿ ಒಬ್ಬರೂ ನಂಬುವುದಿಲ್ಲ. ಇದರಲ್ಲಿ ನಗುವಂಥದ್ದು ಏನೋ ಇರಬೇಕು, ನಾಳೆ ಹುಡುಕುತ್ತೇನೆ.

೨೮ ಡಿಸೆಂಬರ್

ಮಾಸ್ಟ್ರು ಎದುರಿನ ಹೋಟೆಲಿಗೆ ಹೋಗುತ್ತಿದ್ದಾರೆ. ಮಾವ ನನ್ನೊಡನೆ ಮಾತಾಡುವುದಿಲ್ಲ. ಅತ್ತೆ ಹಗಲಿಡೀ ಗೆರಟೆಗಳಿಂದ ತರಗೆಲೆ ಹೆಕ್ಕುತ್ತಾರೆ. ಅವರು ಒಲೆಯ ಮುಂದೆ ಇರುವಾಗ ನಾನು ಹೆಕ್ಕುತ್ತೇನೆ. ಬೇರೆ ಕೆಲಸವೇನು?

ಹೆಕ್ಕುತ್ತ ಕೂತಾಗ ಕಂಡದ್ದು: ಹಿತ್ತಿಲಿನ ಪ್ರತಿ ಮರಕ್ಕೂ ಹುಚ್ಚಿರುವೆಯ ದಾರಿ ಉಂಟು. ಮಾವಿಗೆ, ನುಗ್ಗೆಗೆ, ಪೇರಳೆಗೆ. ಮೂಲೆಯ ದಾಲ್ಚಿನ್ನಿ ಮರಕ್ಕೆ ಇಲ್ಲ. ನಾಲ್ಕು ದಿನ ನೋಡಿದೆ, ಇಲ್ಲವೇ ಇಲ್ಲ. ಅದರ ಎಲೆಯನ್ನು ಅರೆದು ದಾರಿಗೆ ಅಡ್ಡ ಗೆರೆ ಎಳೆದರೆ ಇರುವೆಗಳು ಹುಲ್ಲೆಣ್ಣೆಗೆ ತಿರುಗಿದ ಹಾಗೆಯೇ ತಿರುಗುತ್ತವೆ. ಜೇನುಹುಳಗಳು ಅದನ್ನು ಕೇಳುವುದೂ ಇಲ್ಲ, ಬೈಯುವುದೂ ಇಲ್ಲ. ಆದರೆ ಅರೆದ ಎಲೆ ಒಣಗಿದರೆ ಮುಗಿಯಿತು. ಇದರ ಎಣ್ಣೆ ಬೇಕು. ಹುಲ್ಲನ್ನು ಬೇಯಿಸುವ ಹಂಡೆ ಎಲೆಯನ್ನು ಬೇಡ ಎನ್ನುತ್ತದೆಯೇ?

೬ ಜನವರಿ ೧೯೫೯, ನೆಲ್ಯಾಡಿ

ಎರಡು ಗೋಣಿ ದಾಲ್ಚಿನ್ನಿ ಎಲೆಯೊಂದಿಗೆ ಅದ್ರಾಮ ಬ್ಯಾರಿಗಳ ಗಾಡಿ ಹತ್ತಿ ಬಂದಿದ್ದೇನೆ. ಅತ್ತೆಗೆ ಮಾತ್ರ ಹೇಳಿದ್ದೇನೆ. ಹಂಡೆಯ ಯಜಮಾನ ವರ್ಕಿ, ಮಲಯಾಳ ಮತ್ತು ಕನ್ನಡವನ್ನು ಒಂದೇ ಪಾತ್ರೆಯಲ್ಲಿ ಬೇಯಿಸುವ ಮನುಷ್ಯ. ಎಲೆ ನೋಡಿ ನಕ್ಕರು. ಹುಲ್ಲಿನ ಸರದಿ ಮುಗಿದ ಮೇಲೆ ಹಂಡೆ ತೊಳೆದುಕೊಂಡರೆ ಹಾಕಬಹುದು ಎಂದರು. ತೊಳೆದೆ. ಲೋಟ ತೊಳೆದ ಪುಣ್ಯ ಇಲ್ಲಿ ಉಪಯೋಗಕ್ಕೆ ಬಂತು.

ಆಳೆತ್ತರದ ತಾಮ್ರದ ಹಂಡೆ. ಮುಚ್ಚಳಕ್ಕೆ ಮಣ್ಣು ಮೆತ್ತಿ, ಕೆಳಗೆ ಬೆಂಕಿ. ಮೇಲಿನ ಕೊಳವೆ ತೋಡಿನ ನೀರಿನಲ್ಲಿ ಮುಳುಗಿ ಆಚೆ ತಲೆ ಎತ್ತುತ್ತದೆ. ಬಹಳ ಹೊತ್ತು ಬರೀ ನೀರು ತೊಟ್ಟಿಕ್ಕಿತು. ನಾನು ನಂಬಿಕೆ ಬಿಡುವ ಹೊತ್ತಿಗೆ ಆ ನೀರಿನಲ್ಲಿ ಹಳದಿಯ ಒಂದು ಕಣ್ಣು ಕಾಣಿಸಿತು. ಇನ್ನೊಂದು. ಎರಡು ಗೋಣಿ ಎಲೆಯೊಳಗೆ ಇಷ್ಟು ದಿನ ಅಡಗಿದ್ದದ್ದು ಒಂದು ಶೀಷೆಯ ಕಾಲುಭಾಗ. ಆದರೆ ಬಿರಡೆ ತೆಗೆದರೆ ಇಡೀ ಮರ ಎದ್ದು ನಿಲ್ಲುತ್ತದೆ.

ಬೇಗ ಆರದಿರಲಿ ಎಂದು ಅತ್ತೆ ದೀಪಕ್ಕೆ ಹಾಕುವ ಹೊನ್ನೆಣ್ಣೆಯಲ್ಲಿ ಬೆರೆಸಬೇಕು. ಬಟ್ಟೆಗೆ ಹೀರಿಸಿ ಸ್ಟ್ಯಾಂಡಿನ ಕಾಲಿಗೆ ಸುತ್ತಬೇಕು. ನಾಳೆಯೇ ಹೊರಡುತ್ತೇನೆ.

೮ ಜನವರಿ, ಕಡಬ

ಎಲ್ಲವನ್ನೂ ಕ್ರಮವಾಗಿ ಬರೆಯಬೇಕು.

ಬೆಳಗ್ಗೆ ಗಾಡಿಯಿಂದ ಇಳಿದೆ. ಮೈಯೆಲ್ಲ ಹಂಡೆಯ ಹೊಗೆ, ಕೆಂಪು ಕಣ್ಣು. ಮಾವ ಎದುರು ಬಂದರು. ಪಾನನಿರೋಧದ ಕಾಲದಲ್ಲಿ ಗುಡ್ಡದಿಂದ ಹೊಗೆ ವಾಸನೆ ಹೊತ್ತು ಇಳಿಯುವ ಹುಡುಗ ಏನು ಕುಡಿದು ಬಂದಿರುತ್ತಾನೆಂದು ಅವರಿಗೆ ಸಂಶಯವೇ ಇರಲಿಲ್ಲ. “ಊದು” ಎಂದರು. ಊದಿದೆ. ದಾಲ್ಚಿನ್ನಿ ಹಾಕಿದ ಪಾಯಸದ ವಾಸನೆ ಬಂದು ಅವರು ತಬ್ಬಿಬ್ಬಾದರು. ಬೇರೆ ದಿನವಾದರೆ ಇದನ್ನೇ ಎರಡು ಪುಟ ಬರೆಯುತ್ತಿದ್ದೆ.

ಇವತ್ತು ಆಗುವುದಿಲ್ಲ, ಯಾಕೆಂದರೆ ಆಗಲೇ ಹಿತ್ತಿಲಿನಿಂದ ಅತ್ತೆ ಬಂದರು. ಕೈಯಲ್ಲಿ ಪೆಟ್ಟಿಗೆಯ ಮುಚ್ಚಳ.

ಗಾಳಿಗೆ ಮಾವಿನ ಒಂದು ಸಣ್ಣ ರೆಂಬೆ ಮುರಿದು ಸ್ಟ್ಯಾಂಡಿಗೆ ಒರಗಿತ್ತಂತೆ. ಗೆರಟೆಯ ನೀರಿಗೆ ಬೆಲೆಯೇ ಇಲ್ಲದಾಯಿತು. ಅತ್ತೆ ನೋಡುವಷ್ಟರಲ್ಲಿ ಎರಿಯ ಮೇಲೆ ಇರುವೆ ತುಂಬಿ, ಹುಳಗಳೆಲ್ಲ ಹೊರಬಿದ್ದು, ರಸ್ತೆಯಾಚೆಯ ಗೋಳಿಮರದ ತುದಿಯಲ್ಲಿ ಕೂತಿದ್ದವು. ಗಡ್ಡದ ಹಾಗೆ ಜೋತಾಡುವ ಒಂದು ಮುದ್ದೆ. ಹತ್ತಿ ಹಿಡಿಯಲಾಗದ ಎತ್ತರ. ಹೀಗೆ ಕೂತ ಹುಳ ಬಿಸಿಲು ಏರಿದರೆ ಕಾಡಿಗೆ ಹೋಗುತ್ತದೆ. ಮೊದಲಿನ ಎರಡು ಹಾಗೆಯೇ ಹೋದದ್ದು.

ಮರದ ಕೆಳಗೆ ಜನ ಸೇರಿದ್ದರು. ಮಾವನೂ ಬಂದರು. ಹೋಗಲಿ ಬಿಡು, ಬೇರೆ ಹುಳ ತರಿಸುವ ಎಂದು ಅತ್ತೆಗೆ ಮೆಲ್ಲಗೆ ಹೇಳಿದರು.

ನಾನು ಅಂದೆ, ಖಾಲಿ ಪೆಟ್ಟಿಗೆಗೆ ಹುಲ್ಲೆಣ್ಣೆ ಹಚ್ಚಿ ಇಟ್ಟರೆ ಅವು ಬರಬಹುದು. ಗುಂಪಿನಲ್ಲಿ ಯಾರೋ, ಆಮೇಲೆ ಹುಳಗಳನ್ನು ನೋಂದಣಿ ಮಾಡಿಸ್ತೀಯಾ ಎಂದರು. ಎಲ್ಲ ನಕ್ಕರು. ನಾನು ನಗಲಿಲ್ಲ.

ಅತ್ತೆ ನನ್ನ ಹತ್ತಿರ ಬಂದರು.

“ಮೋಹನ, ನನ್ನ ಮುಖ ನೋಡಿ ಹೇಳು. ಇದು ತಮಾಷೆಯಾ?”

“ಅಲ್ಲ ಅತ್ತೆ.”

“ಬರ್ತದಾ?”

“ಗೊತ್ತಿಲ್ಲ. ಬಂದರೂ ಬರಬಹುದು.”

ಅವರು ಒಳಗೆ ಹೋಗಿ ಅಕ್ಕಿಯ ಡಬ್ಬದಿಂದ ಒಂದು ಶೀಷೆ ತೆಗೆದು ತಂದರು. ಎಸೆಯಲು ಮಾವ ಹುಕುಂ ಮಾಡಿದ್ದ ಅದೇ ಶೀಷೆ. ಮಾವ ಅದನ್ನು ನೋಡಿದರು, ಅತ್ತೆಯನ್ನು ನೋಡಿದರು.

“ಆ ದಿನ ಕೊಡೆಯ ಮೇಲೆ ಕೂತ ಹುಳ ನಾನೂ ನೋಡಿದ್ದೆ. ಒಂದೂ ಕಚ್ಚಲಿಲ್ಲ” ಎಂದರು ಅತ್ತೆ, ಮಾವನಿಗೆ ಕೇಳುವ ಹಾಗೆ.

ಪೆಟ್ಟಿಗೆಯನ್ನು ಕೊಡವಿ, ಹಾಳಾದ ಎರಿ ಕೊಯ್ದು ತೆಗೆದೆವು. ಒಳಗಿನ ಹಲಗೆಗೆ ಹುಲ್ಲೆಣ್ಣೆ, ಬಾಗಿಲಿಗೆ ಒಂದು ಹನಿ. ದಾಲ್ಚಿನ್ನಿಯ ಎಣ್ಣೆಯನ್ನು ಹೊನ್ನೆಣ್ಣೆಯಲ್ಲಿ ಬೆರೆಸಿ, ಬಟ್ಟೆಗೆ ಹೀರಿಸಿ, ಸ್ಟ್ಯಾಂಡಿನ ಕಾಲಿಗೆ ಸುತ್ತಿದೆವು. ಗೋಳಿಮರದಿಂದ ಕಾಣುವ ಹಾಗೆ ಹೋಟೆಲಿನ ಮುಂದೆ ಇಟ್ಟೆವು. ನೆರಳಿಲ್ಲ, ಪೆಟ್ಟಿಗೆ ಬಿಸಿಲಿಗೆ ಕಾಯುತ್ತದೆ ಎಂದು ಅತ್ತೆ ಹೇಳುತ್ತಿದ್ದಂತೆ ಯಾರೋ ಒಂದು ಕೊಡೆ ಬಿಡಿಸಿ ಅದರ ಮೇಲೆ ಹಿಡಿದರು. ವೆಂಕಪ್ಪ ಮಾಸ್ಟ್ರು. ಹಿಡಿಗೆ ಕರವಸ್ತ್ರ ಸುತ್ತಿಕೊಂಡಿದ್ದರು.

ಕಾದೆವು. ಮೊದಲು ಒಂದು ಹುಳ ಬಂದು ಬಾಗಿಲನ್ನು ಮೂಸಿ ಹೋಯಿತು. ಆಮೇಲೆ ನಾಲ್ಕೈದು. ಒಳಗೆ ಹೋದವು, ಹೊರಗೆ ಬಂದವು, ಮನೆ ಬಾಡಿಗೆಗೆ ನೋಡುವವರ ಹಾಗೆ ಮೂಲೆ ಮೂಲೆ ನಡೆದವು. ಮರದ ಮೇಲಿನ ಮುದ್ದೆ ಅಲ್ಲಾಡಲಿಲ್ಲ. ಜನ ಒಬ್ಬೊಬ್ಬರಾಗಿ ಕರಗಿದರು. ಮಾವ ಹೋಟೆಲಿನ ಒಳಗೆ ಹೋಗಿ ಗಲ್ಲಾಪೆಟ್ಟಿಗೆಯ ಹಿಂದೆ ಕೂತು, ಅಲ್ಲಿಂದಲೇ ನೋಡುತ್ತಿದ್ದರು. ಮಾಸ್ಟ್ರ ಕೈ ಸೋತಾಗ ನಾನು ಕೊಡೆ ಹಿಡಿದೆ.

ಬಿಸಿಲು ಸರಿಯಾಗಿ ಏರಿದಾಗ ಮುದ್ದೆ ಸಡಿಲಾಯಿತು. ಗೋಳಿಮರದ ತುದಿ ಒಂದೇ ಸಲ ಹೊಗೆಯಾಯಿತು. ಹೋಯಿತು ಎಂದು ಅತ್ತೆ ಕಣ್ಣು ಮುಚ್ಚಿದರು. ಆ ಹೊಗೆ ರಸ್ತೆಯ ಮೇಲೆ ಒಂದು ಸುತ್ತು ಹಾಕಿ, ತಗ್ಗಿ, ನಮ್ಮ ತಲೆ, ಭುಜ, ಕೊಡೆ ಎಲ್ಲದರ ಮೇಲೆ ಸುರಿಯಿತು. ನಾನು ಅಲ್ಲಾಡಲಿಲ್ಲ. ಮಾಸ್ಟ್ರೂ ಓಡಲಿಲ್ಲ, ಇದನ್ನು ದಾಖಲಿಸಲೇಬೇಕು. ಹುಳಗಳು ಹಲಗೆಯ ಮೇಲೆ ಇಳಿದು, ಹಿಂಭಾಗ ಎತ್ತಿ ರೆಕ್ಕೆ ಬೀಸುತ್ತ, ಒಂದರ ಹಿಂದೆ ಒಂದು ಬಾಗಿಲೊಳಗೆ ನಡೆದವು. ರಾಣಿ ಒಳಗೆ ಹೋದದ್ದನ್ನು ಅತ್ತೆ ಕಂಡರು. ನನಗೆ ಕಾಣಲಿಲ್ಲ. ನಾನು ಅತ್ತೆಯನ್ನು ನೋಡುತ್ತಿದ್ದೆ.

ಅವರು ಪೆಟ್ಟಿಗೆಯ ಮೇಲೆ ಅಂಗೈ ಇಟ್ಟು, ಒಳಗಿನ ಸದ್ದು ಕೇಳುತ್ತ, ತುಂಬ ಹೊತ್ತು ಹಾಗೆಯೇ ನಿಂತಿದ್ದರು.

೧೪ ಜನವರಿ

ಸಂಕ್ರಾಂತಿ. ಡಿ.ಡಿ.ಟಿ. ಡಬ್ಬಿ ಅಟ್ಟದಲ್ಲೇ ಉಂಟು. ಇರುವೆಯೂ ಊರಲ್ಲೇ ಉಂಟು, ಸೋತು ಓಡಿಹೋಯಿತು ಎಂದು ಬರೆದರೆ ಸುಳ್ಳಾಗುತ್ತದೆ. ಆದರೆ ಸ್ಟ್ಯಾಂಡಿನ ಕಾಲು ಹತ್ತುವುದಿಲ್ಲ. ಸಕ್ಕರೆ ಡಬ್ಬದ ಕೆಳಗೂ ಒಂದು ಎಣ್ಣೆಬಟ್ಟೆ ಕಾಣಿಸಿಕೊಂಡಿದೆ. ಯಾರು ಇಟ್ಟರೆಂದು ಮಾವನನ್ನು ಕೇಳಿದೆ. ಅವರಿಗೆ ಗೊತ್ತಿಲ್ಲವಂತೆ. ಅವರ ಕೈಯಿಂದ ದಾಲ್ಚಿನ್ನಿಯ ವಾಸನೆ ಬರುತ್ತಿತ್ತು.

೨ ಫೆಬ್ರವರಿ

ಅಪ್ಪ ಸುಳ್ಯದ ಬಸ್ಸಿನ ಕಂಡಕ್ಟರನ ಹತ್ತಿರ ಹೇಳಿ ಕಳಿಸಿದರು. ಕೊಡೆಯ ವಿಷಯ ಊರು ಮರೆತಿದೆ, ಬಾ. ಈಗ ಹೇಗೆ ಹೋಗುವುದು? ಎಣ್ಣೆಬಟ್ಟೆ ವಾರದೊಳಗೆ ಆರುತ್ತದೆ, ಎರಡು ಬಟ್ಟೆಗಳಲ್ಲಿ ಒಂದಕ್ಕೆ ದಾಲ್ಚಿನ್ನಿಯ ಎಣ್ಣೆಯನ್ನು ಎಳ್ಳೆಣ್ಣೆಯಲ್ಲಿ ಬೆರೆಸಿ ಹೀರಿಸಿ ಯಾವುದು ಹೆಚ್ಚು ನಿಲ್ಲುತ್ತದೆಂದು ನೋಡುತ್ತಿದ್ದೇನೆ, ಉತ್ತರ ಇನ್ನೂ ಬಂದಿಲ್ಲ. ಪೆಟ್ಟಿಗೆಯಲ್ಲಿ ಹೊಸ ಎರಿ ಅಂಗೈಯಗಲ ಇಳಿದಿದೆ. ಅತ್ತೆ ಈಗ ಬೆಳಗ್ಗೆ ಹಿತ್ತಿಲಿಗೆ ಬರುವುದಿಲ್ಲ. “ನೀನು ನೋಡಿದ್ದಿ ಅಲ್ವಾ, ಮತ್ತೆ ನಾನು ಎಂತಕ್ಕೆ?” ಎನ್ನುತ್ತಾರೆ. ಮುಂದಿನ ವಾರ ಬರುತ್ತೇನೆ ಎಂದು ಹೇಳಿ ಕಳಿಸಿದೆ.

ಸಂಜೆ ವೆಂಕಪ್ಪ ಮಾಸ್ಟ್ರು ಹೊರಡುವಾಗ ನನ್ನ ಹಣೆ ಮುಟ್ಟಿ ನೋಡಿದರು. ಜ್ವರವೇನಾದರೂ ಉಂಟಾ ಎಂದು ಕೇಳಿದರು. ನಮ್ಮ ಹೋಟೆಲಿಗೆ ವಾಪಸು ಬರತೊಡಗಿದ ಈ ಮೂರು ವಾರವೂ ಅವರ ಕೊಡೆ ನನ್ನ ಕೈಗೆಟಕುವಲ್ಲೇ ತೂಗುತ್ತಿದೆಯಂತೆ, ದಿನಾ ಹಿಡಿಯನ್ನು ಪರೀಕ್ಷಿಸಿ ಹಿಡಿಯುತ್ತಾರಂತೆ, ಏನೂ ಇರುವುದಿಲ್ಲವಂತೆ.

ಆ ಕೊಡೆಯನ್ನು ನಾನು ನೋಡಿಯೇ ಇರಲಿಲ್ಲ. ನಾಳೆ ಏನಾದರೂ ಮಾಡಬೇಕು. ಬೆಳಗ್ಗೆ ಎಳ್ಳೆಣ್ಣೆಯ ಬಟ್ಟೆ ನೋಡಿದ ಮೇಲೆ.